ಕೊಂಬಿನ ಮೊಲ, ಕಲೋನಿನ ಮಕ್ಕಳು

ಇಲ್ಲದ ವಸ್ತುವಿಗೆ ನಮ್ಮ ತರ್ಕಶಾಸ್ತ್ರದವರು ಕೊಡುತ್ತಿದ್ದ ಹಳೆಯ ಉದಾಹರಣೆ ಮೊಲದ ಕೊಂಬು. ಅಮೆರಿಕದ ಅಯೋವಾ, ಕಾನ್ಸಾಸ್ ಕಡೆಯ ಬೇಟೆಗಾರರ ಹತ್ತಿರ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಅವರು ಕೊಂಬಿನ ಮೊಲಗಳನ್ನು ಕಣ್ಣಾರೆ ಕಂಡವರು. ತಲೆಯ ಮೇಲೆ, ಮೂತಿಯ ಪಕ್ಕ, ಕತ್ತಿನ ಹತ್ತಿರ ಕಪ್ಪಗೆ, ಗಟ್ಟಿಯಾಗಿ, ಮೊನಚಾಗಿ ಬೆಳೆದ ಕೊಂಬುಗಳು. ಕೆಲವು ಮೊಲಗಳಿಗೆ ಬಾಯಿಯ ಸುತ್ತ ಎಷ್ಟು ಬೆಳೆಯುತ್ತಿತ್ತೆಂದರೆ, ಮೇಯಲಾಗದೆ ಹಸಿವಿನಿಂದಲೇ ಸಾಯುತ್ತಿದ್ದವು.

ಈ ಸುದ್ದಿ ರಿಚರ್ಡ್ ಷೋಪ್ ಅವರ ಕಿವಿಗೆ ಬಿತ್ತು. ಷೋಪ್ ಅಯೋವಾದವರೇ. ಕೆಲಸ ಮಾತ್ರ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲರ್ ಸಂಸ್ಥೆಯ ಲ್ಯಾಬಿನಲ್ಲಿ. ಹಂದಿಗಳ ಇನ್‌ಫ್ಲುಯೆನ್ಸಾಕ್ಕೆ ವೈರಸ್ಸೇ ಕಾರಣ ಎಂದು ಆಗಷ್ಟೇ ತೋರಿಸಿಕೊಟ್ಟಿದ್ದರು. ಅವರು ಆ ಕೊಂಬುಗಳನ್ನು ಕತ್ತರಿಸಿದರು, ಅರೆದರು, ಉಪ್ಪುನೀರಿನಲ್ಲಿ ಕದಡಿದರು. ಬ್ಯಾಕ್ಟೀರಿಯಾ ಕೂಡ ದಾಟಲಾಗದಷ್ಟು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿದರು. ಸೋಸಿ ಬಂದ ನೀರನ್ನು ಆರೋಗ್ಯವಾಗಿದ್ದ ಮೊಲಗಳ ಚರ್ಮ ಗೀರಿ ಅದರ ಮೇಲೆ ಸವರಿದರು. ಸ್ವಲ್ಪ ದಿನಕ್ಕೆ ಗೀರಿದ ಜಾಗದಲ್ಲೆಲ್ಲ ನರಹುಲಿ ಎದ್ದವು. ಕೊಂಬು ಎಂದುಕೊಂಡದ್ದು ಭಾರಿ ಗಾತ್ರದ ನರಹುಲಿ, ಅದನ್ನು ಹುಟ್ಟಿಸುವುದು ಒಂದು ವೈರಸ್. ಇದು 1933ರ ಮಾತು.

ಷೋಪ್ ಈ ವೈರಸ್ಸನ್ನು ಗೆಳೆಯ ಪೇಟನ್ ರೌಸ್ ಅವರ ಕೈಗೆ ಕೊಟ್ಟರು. ರೌಸ್ ಮತ್ತು ಅವರ ಜೊತೆಗಾರರು ಸಾಕು ಮೊಲಗಳಲ್ಲಿ ಇದೇ ನರಹುಲಿಗಳನ್ನು ಬೆಳೆಸಿ, ಸುಮ್ನೆ ಕಾದು ನೋಡಿದರು. ತಿಂಗಳುಗಳು ಕಳೆದ ಮೇಲೆ ಹಲವು ನರಹುಲಿಗಳು ಕ್ಯಾನ್ಸರ್ ಆದವು. ಕೋಳಿಯ ಗಡ್ಡೆಯೊಂದನ್ನು ಸೋಸಿ ಇನ್ನೊಂದು ಕೋಳಿಗೆ ದಾಟಿಸಬಹುದು ಎಂದು ಇದೇ ರೌಸ್ 1911ರಲ್ಲೇ ಬರೆದಿದ್ದರು. ಆಗ ಹೆಚ್ಚಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಕೆಲಸಕ್ಕೆ ನೊಬೆಲ್ ಬಂದದ್ದು 1966ರಲ್ಲಿ, ಅವರಿಗೆ 87 ವರ್ಷವಾದಾಗ. ಪುಣ್ಯಕ್ಕೆ ಅಷ್ಟು ವರ್ಷ ಬದುಕಿದ್ದರು.

ನನಗೆ ಈ ಕತೆಯ ರುಚಿ ಹತ್ತಿದ್ದು ಮಾತ್ರ ಕ್ಯಾನ್ಸರಿನಿಂದಲ್ಲ, ಯೂರಿಯಾದಿಂದ. ನಾನು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುವವನು. ಯೂರಿಯಾ ಚಕ್ರ ಎಂದರೆ ಅವರಿಗೆ ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಚಿತ್ರ. ತಿಂದ ಬೇಳೆ, ಮೊಟ್ಟೆ, ಮೀನಿನ ಪ್ರೋಟೀನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮಿದುಳಿಗೆ ವಿಷ. ನಮ್ಮ ಲಿವರ್ ಅದನ್ನು ಹಂತ ಹಂತವಾಗಿ ಯೂರಿಯಾ ಮಾಡಿ ಮೂತ್ರದ ದಾರಿಗೆ ಹಾಕುತ್ತದೆ. ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ 1932ರಲ್ಲಿ ಬಿಡಿಸಿದ ಒಗಟು ಇದು. ಚಕ್ರದ ಕೊನೆಯ ಹಂತದಲ್ಲಿ ಆರ್ಜಿನೇಸ್ ಎಂಬ ಕಿಣ್ವ, ಅಂದರೆ ಎಂಜೈಮ್, ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಯೂರಿಯಾ. ಇನ್ನೊಂದು ಆರ್ನಿಥೀನ್, ಅದು ಮತ್ತೆ ಚಕ್ರದ ಆರಂಭಕ್ಕೆ ಹೋಗುತ್ತದೆ.

ಜೀನ್ ಚಿಕಿತ್ಸೆಯ ಇತಿಹಾಸವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಶುರು ಮಾಡುವುದು 1990ರ ಸೆಪ್ಟೆಂಬರಿನಿಂದ. ಅಮೆರಿಕದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಎಡಿಎ ಎಂಬ ಎಂಜೈಮಿನ ಜೀನ್ ಕೊಟ್ಟ ದಿನದಿಂದ. ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಒಬ್ಬರು ಜರ್ಮನಿಯಲ್ಲಿ ಮಕ್ಕಳಿಗೆ ವೈರಸ್ ಚುಚ್ಚಿ ಜೀನ್ ದಾಟಿಸಲು ನೋಡಿದ್ದರು. ಯಾವ ವೈರಸ್ ಗೊತ್ತಾ? ಷೋಪ್ ಅವರ ಮೊಲದ ಕೊಂಬಿನ ವೈರಸ್. ಯಾವ ಎಂಜೈಮಿಗಾಗಿ? ಆರ್ಜಿನೇಸ್.

ಆ ಒಬ್ಬರ ಹೆಸರು ಸ್ಟ್ಯಾನ್‌ಫೀಲ್ಡ್ ರೋಜರ್ಸ್. ವೈದ್ಯರು. ರೌಸ್ ಜೊತೆ ಸೇರಿ ಇದೇ ವೈರಸ್ ಮತ್ತು ಕ್ಯಾನ್ಸರ್ ತರುವ ರಾಸಾಯನಿಕಗಳ ಮೇಲೆ ಕೆಲಸ ಮಾಡಿ 1951ರಲ್ಲಿ ಪ್ರಬಂಧ ಬರೆದವರು. ಆಮೇಲೆ ಟೆನೆಸಿ ರಾಜ್ಯಕ್ಕೆ ಹೋದರು. ಮೊದಲು ನಾಕ್ಸ್‌ವಿಲ್, ನಂತರ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ. ವೈರಸ್ ತಗುಲಿದ ಮೊಲದ ನರಹುಲಿಯಲ್ಲಿ ಆರ್ಜಿನೇಸ್ ವಿಪರೀತ ಜಾಸ್ತಿ ಇದೆ ಎಂದು 1959ರಲ್ಲಿ ಅವರು ಪ್ರಕಟಿಸಿದರು. ಪಕ್ಕದ ಆರೋಗ್ಯವಂತ ಚರ್ಮದಲ್ಲಿ ಅವರಿಗೆ ಅದು ಕಾಣಲಿಲ್ಲ. ಅವರ ತೀರ್ಮಾನ ಹೀಗಿತ್ತು: ಈ ಎಂಜೈಮು ಮೊಲದ್ದಲ್ಲ, ವೈರಸ್ ತನ್ನ ಜೊತೆ ತಂದದ್ದು. ವೈರಸ್ಸಿನ ಡಿಎನ್‌ಎಯಲ್ಲೇ ಆರ್ಜಿನೇಸಿನ ಜೀನ್ ಇದೆ.

ಇವತ್ತು ಕೂತು ಇದನ್ನು ತಮಾಷೆ ಮಾಡುವುದು ಸುಲಭ. ಆದರೆ ಆ ಕಾಲವನ್ನು ಸ್ವಲ್ಪ ನೆನೆಯಬೇಕು. ಡಿಎನ್‌ಎಯ ರಚನೆ ಗೊತ್ತಾಗಿ ಆಗಿನ್ನೂ ಆರೇ ವರ್ಷ. ಜೀನಿನ ಅಕ್ಷರಗಳನ್ನು ಓದುವ ವಿಧಾನ ಇರಲಿಲ್ಲ. ಬೇಕಾದ ಜೀನನ್ನು ಕತ್ತರಿಸಿ ತೆಗೆಯುವ ಕತ್ತರಿಯೂ ಇರಲಿಲ್ಲ. ಜೀನ್ ಇದೆಯೋ ಇಲ್ಲವೋ ಎನ್ನುವುದನ್ನು ಅದು ಮಾಡುವ ಕೆಲಸದಿಂದಲೇ ಊಹಿಸಬೇಕಿತ್ತು. ಬ್ಯಾಕ್ಟೀರಿಯಾಗಳ ವೈರಸ್ಸುಗಳು ಒಂದರಿಂದ ಇನ್ನೊಂದಕ್ಕೆ ಜೀನ್ ಸಾಗಿಸುತ್ತವೆ ಎಂದು ಆಗಲೇ ಗೊತ್ತಿತ್ತು. ಪ್ರಾಣಿಗಳಲ್ಲಿ ಹಾಗಾಗಬಾರದು ಎಂದೇನಿದೆ? ರೋಜರ್ಸ್ ಅವರ ಊಹೆ ಅವರ ಕಾಲಕ್ಕೆ ಸೊಗಸಾದ ಊಹೆಯೇ. ಮುಂದೆ 1968ರಲ್ಲಿ ತಂಬಾಕಿನ ಗಿಡದ ವೈರಸ್ಸಿಗೆ ಅವರು ಹೊರಗಿನಿಂದ ಒಂದು ಚೂರು ಆರ್‌ಎನ್‌ಎ ಅಂಟಿಸಿ ಗಿಡಕ್ಕೆ ಕೊಟ್ಟು ನೋಡಿದರು. ವೈರಸ್ಸನ್ನು ಸಾಗಣೆಯ ಗಾಡಿ ಮಾಡಿಕೊಳ್ಳಬಹುದು ಎಂಬ ಇವತ್ತಿನ ಯೋಚನೆ ಅದೇ ಅಲ್ವಾ? ಆ ಮಟ್ಟಿಗೆ ಮನುಷ್ಯ ಕಾಲಕ್ಕಿಂತ ಮುಂದಿದ್ದರು.

ನನಗೆ ಮುಳ್ಳಿನ ಹಾಗೆ ಚುಚ್ಚುವುದು ನಡುವಿನ ಒಂದು ಅಧ್ಯಾಯ. ರೋಜರ್ಸ್ ಈ ವೈರಸ್ಸಿನ ಜೊತೆ ಕೆಲಸ ಮಾಡಿದ ಲ್ಯಾಬಿನವರ ರಕ್ತ ತೆಗೆದು ಆರ್ಜಿನೀನ್ ಅಳೆದರು. ಹಲವರಲ್ಲಿ ಅದು ಬೇರೆಯವರಿಗಿಂತ ಕಡಿಮೆ ಇತ್ತು. ವರ್ಷಗಳ ಹಿಂದೆಯೇ ಆ ಕೆಲಸ ಬಿಟ್ಟವರಲ್ಲೂ ಕಡಿಮೆ. ಇದನ್ನು 1966ರಲ್ಲಿ ಪ್ರಕಟಿಸಿದರು. ಅವರು ಇದರಿಂದ ಎರಡು ಅರ್ಥ ತೆಗೆದರು. ಒಂದು, ವೈರಸ್ ಗೊತ್ತಾಗದ ಹಾಗೆ ಇವರ ಮೈಯೊಳಗೆ ಸೇರಿ ಆರ್ಜಿನೇಸ್ ಮಾಡುತ್ತಿದೆ. ಎರಡು, ಇವರಿಗೆ ಯಾವ ಕಾಯಿಲೆಯೂ ಬಂದಿಲ್ಲ, ಹಾಗಾಗಿ ಮನುಷ್ಯರಿಗೆ ಇದು ನಿರಪಾಯ.

ಲ್ಯಾಬಿನಲ್ಲಿ ಕೆಲಸ ಮಾಡುವ ಯಾರೇ ಆಗಲಿ ಇಲ್ಲಿ ಸ್ವಲ್ಪ ನಿಲ್ಲುತ್ತಾರೆ. ರಕ್ತದ ಆರ್ಜಿನೀನ್ ಹಿಡಿದಲ್ಲಿ ನಿಲ್ಲುವ ವಸ್ತುವಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಊಟದ ಮೇಲೆ ಇನ್ನೊಂದು. ಅದಕ್ಕಿಂತ ಮುಖ್ಯ, ನಮ್ಮ ಕೆಂಪು ರಕ್ತಕಣಗಳ ಒಳಗೇ ಆರ್ಜಿನೇಸ್ ಇದೆ. ಸೂಜಿ ಸರಿಯಾಗಿ ಹೋಗದೆ ಕಣಗಳು ಒಡೆದರೆ, ಅಥವಾ ಸ್ಯಾಂಪಲ್ಲನ್ನು ಬೇರ್ಪಡಿಸದೆ ಟೇಬಲ್ ಮೇಲೆ ಬಿಟ್ಟರೆ, ಆ ಎಂಜೈಮು ಹೊರಬಂದು ಟ್ಯೂಬಿನೊಳಗೇ ಆರ್ಜಿನೀನನ್ನು ತಿಂದುಹಾಕುತ್ತದೆ. ರಿಪೋರ್ಟಿನಲ್ಲಿ ಆರ್ಜಿನೀನ್ ಕಡಿಮೆ, ಆರ್ನಿಥೀನ್ ಜಾಸ್ತಿ. ರೋಗಿಯ ಮೈಯಲ್ಲಿ ಏನೂ ಆಗಿರುವುದಿಲ್ಲ. ರೋಜರ್ಸ್ ಅವರ ಸ್ಯಾಂಪಲ್ಲುಗಳಲ್ಲಿ ಹೀಗೇ ಆಯಿತು ಎಂದು ನಾನು ಹೇಳುತ್ತಿಲ್ಲ. ಒಂದು ಅಳತೆಗೆ ಹತ್ತು ಕಾರಣ ಇರಬಹುದಾದಾಗ ಅದರ ಮೇಲೆ ಚಿಕಿತ್ಸೆಯ ಮನೆ ಕಟ್ಟಬಾರದು ಎಂದಷ್ಟೇ.

ಮತ್ತೆ ಆ ‘ನಿರಪಾಯ’. ಮೊಲದಲ್ಲಿ ಕ್ಯಾನ್ಸರ್ ತರುವ ವೈರಸ್ ಇದು. ಅದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲವರು ರೌಸ್ ಜೊತೆ ದುಡಿದ ರೋಜರ್ಸ್. ಮನುಷ್ಯರಲ್ಲಿ ಏನೂ ಆಗಿಲ್ಲ ಎನ್ನುವುದಕ್ಕೆ ಎರಡು ವಿವರಣೆ ಸಾಧ್ಯವಿತ್ತು. ವೈರಸ್ ಮೈಯೊಳಗೆ ಹೊಕ್ಕು ಕೆಲಸ ಮಾಡುತ್ತಾ ತೊಂದರೆ ಕೊಡದೆ ಇದೆ. ಇಲ್ಲವೇ, ಅದು ಹೊಕ್ಕೇ ಇಲ್ಲ. ಎರಡನೆಯದು ಜಾಸ್ತಿ ಸರಳ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಂತೆ ರೋಜರ್ಸ್ ಮೊದಲನೆಯದನ್ನೇ ಹಿಡಿದರು.

ಮದ್ದು ಕೈಯಲ್ಲಿತ್ತು, ಕಾಯಿಲೆ ಇರಲಿಲ್ಲ. ಕಾಯಿಲೆಯ ಹುಡುಕಾಟದಲ್ಲಿರುವ ಔಷಧಿ ತಮಗೆ ಸಿಕ್ಕಿತ್ತು ಎಂಬ ಅರ್ಥದ ಮಾತನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಆರ್ಜಿನೇಸ್ ಇಲ್ಲದೆ ಹುಟ್ಟಿದ ಮಕ್ಕಳನ್ನು ಅಲ್ಲಿಯವರೆಗೆ ಯಾರೂ ಗುರುತಿಸಿರಲಿಲ್ಲ. 1969ರಲ್ಲಿ ಕಲೋನ್ ನಗರದ ಮಕ್ಕಳ ವೈದ್ಯ ಟೆರ್ಹೆಗ್ಗನ್ ಮತ್ತು ಸಂಗಡಿಗರು ಇಬ್ಬರು ಅಕ್ಕತಂಗಿಯರ ಬಗ್ಗೆ ಬರೆದರು. ರಕ್ತದಲ್ಲಿ ಆರ್ಜಿನೀನ್ ವಿಪರೀತ, ಆರ್ಜಿನೇಸ್ ಹೆಚ್ಚುಕಡಿಮೆ ಶೂನ್ಯ. ರೋಜರ್ಸ್ ಆ ವೈದ್ಯರನ್ನು ಸಂಪರ್ಕಿಸಿದರು.

ಈ ಕಾಯಿಲೆ ಹೇಗೆ ಬರುತ್ತದೆ ಎಂದು ಸ್ವಲ್ಪ ಹೇಳಬೇಕು. ಹುಟ್ಟಿದಾಗ ಮಗು ಸರಿಯಾಗಿಯೇ ಇರುತ್ತದೆ. ಚಕ್ರದ ಮೇಲಿನ ಹಂತಗಳು ಕೆಟ್ಟಾಗ ಹುಟ್ಟಿದ ಕೆಲವೇ ದಿನಗಳಲ್ಲಿ ಅಮೋನಿಯಾ ಏರಿ ಮಗು ಕೋಮಾಕ್ಕೆ ಹೋಗಬಹುದು. ಆರ್ಜಿನೇಸ್ ಕೊರತೆಯಲ್ಲಿ ಸಾಮಾನ್ಯವಾಗಿ ಅಂಥ ಅಬ್ಬರ ಇಲ್ಲ. ಒಂದೆರಡು ವರ್ಷ ದಾಟಿದ ಮೇಲೆ ಮಗು ತುದಿಗಾಲಲ್ಲಿ ನಡೆಯಲು ಶುರು ಮಾಡುತ್ತದೆ. ಕಾಲುಗಳು ಬಿಗಿಯುತ್ತವೆ. ಕಲಿತ ಮಾತು ಹಿಂದೆ ಬೀಳುತ್ತದೆ. ಫಿಟ್ಸ್ ಬರಬಹುದು. ಇನ್ನೊಂದು ವಿಚಿತ್ರ, ಇಂಥ ಮಕ್ಕಳಲ್ಲಿ ಹಲವರು ಹಾಲು, ಬೇಳೆ, ಮೊಟ್ಟೆ, ಮಾಂಸವನ್ನು ತಾವಾಗಿಯೇ ದೂರ ತಳ್ಳುತ್ತಾರೆ. ಪ್ರೋಟೀನು ತಿಂದರೆ ಸಂಕಟ ಎಂದು ಮೈಗೆ ಗೊತ್ತಾಗಿರುತ್ತದೆ. ಮನೆಯಲ್ಲಿ ಅಜ್ಜಿ ಮಾತ್ರ ‘ಹಾಲು ಕುಡಿಯಲ್ಲ, ಅದಕ್ಕೇ ಕಾಲಲ್ಲಿ ಶಕ್ತಿ ಇಲ್ಲ’ ಎಂದು ಮೂಗು ಹಿಡಿದು ಕುಡಿಸುತ್ತಿರುತ್ತಾರೆ.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಯಿಲೆ ಬರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹುಡುಗಿ ಕೊಡುವ ರೂಢಿ ಇರುವ ನಮ್ಮ ಕಡೆ ಇಂಥ ಕಾಯಿಲೆಗಳ ಬಗ್ಗೆ ಕಿವಿ ಚುರುಕಾಗಿಟ್ಟುಕೊಳ್ಳಲೇಬೇಕು. ಯೂರಿಯಾ ಚಕ್ರದ ತೊಂದರೆ ಇರಬಹುದು ಎಂದು ಮಕ್ಕಳ ವಾರ್ಡಿನಿಂದ ಫೋನ್ ಬಂದರೆ ಲ್ಯಾಬಿನಲ್ಲಿ ಬೇರೆಲ್ಲ ಬದಿಗೆ. ಅಮೋನಿಯಾದ ಸ್ಯಾಂಪಲ್ಲು ಐಸಿನಲ್ಲಿ ಬರಬೇಕು, ಬಂದ ತಕ್ಷಣ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಹೊರಗೆ ಇಟ್ಟಷ್ಟೂ ಟ್ಯೂಬಿನಲ್ಲೇ ಅಮೋನಿಯಾ ಹುಟ್ಟುತ್ತದೆ, ಸುಳ್ಳು ರಿಪೋರ್ಟ್ ಬರುತ್ತದೆ. ಹೀಗೆ ಒಂದು ಮಧ್ಯಾಹ್ನ ಅಟೆಂಡರ್ ಇಲ್ಲದೆ ಮಗುವಿನ ಅಪ್ಪನೇ ಸ್ಟೀಲ್ ಡಬ್ಬಿಯಲ್ಲಿ ಐಸು, ಐಸಿನಲ್ಲಿ ಟ್ಯೂಬು ಇಟ್ಟುಕೊಂಡು ಮೆಟ್ಟಿಲು ಹತ್ತಿ ಓಡಿ ಬಂದದ್ದು ನೋಡಿದ್ದೇನೆ. ಡಬ್ಬಿ ಕೊಟ್ಟು, ‘ಇದಕ್ಕೆ ಇಂಜೆಕ್ಷನ್ ಇದೆಯಾ ಸಾರ್?’ ಎಂದು ಕೇಳಿದರು. ಇನ್ನೂ ಕಾಯಿಲೆಯ ಹೆಸರೇ ಗೊತ್ತಿರಲಿಲ್ಲ.

ಕಲೋನಿನ ಆ ಮನೆಯನ್ನು ಯೋಚಿಸುವಾಗ ನನಗೆ ಈ ಪ್ರಶ್ನೆ ನೆನಪಾಗುತ್ತದೆ. ಮಕ್ಕಳಿಬ್ಬರೂ ಕಣ್ಣೆದುರೇ ಹಿಂದೆ ಬೀಳುತ್ತಿದ್ದಾರೆ. ಒಬ್ಬರು ಅಮೆರಿಕದಿಂದ ಬಂದು ಇದೆ ಎನ್ನುತ್ತಿದ್ದಾರೆ. ಯಾರು ಬೇಡ ಎನ್ನುತ್ತಾರೆ?

1970ರಲ್ಲಿ ಇಬ್ಬರಿಗೂ ಶುದ್ಧ ಮಾಡಿದ ಷೋಪ್ ವೈರಸ್ ಚುಚ್ಚಿದರು. ಆರ್ಜಿನೀನ್ ಇಳಿಯಲಿಲ್ಲ. ಅದೇ ಮನೆಯಲ್ಲಿ ಹುಟ್ಟಿದ ಮೂರನೆಯ ಮಗುವಿಗೂ ಇದೇ ಕಾಯಿಲೆ ಇತ್ತು. ಆ ಮಗುವಿಗೂ ಕೊಟ್ಟರು. ಅದರಿಂದಲೂ ಉಪಯೋಗವಾಗಲಿಲ್ಲ. ಈ ನಡುವೆ ರೋಗಿಯ ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ವೈರಸ್ ಕೊಟ್ಟಾಗ ಆರ್ಜಿನೇಸ್ ಕಾಣಿಸಿಕೊಂಡಿತು ಎಂದು 1973ರಲ್ಲಿ ರೋಜರ್ಸ್ ಮತ್ತು ಟೆರ್ಹೆಗ್ಗನ್ ಸೇರಿದ್ದ ತಂಡ ಬರೆಯಿತು. ತಟ್ಟೆಯಲ್ಲಿ ಕಂಡದ್ದು ಮಕ್ಕಳಲ್ಲಿ ಕಾಣಲಿಲ್ಲ. ಪ್ರಯತ್ನ ಫಲಿಸಲಿಲ್ಲ ಎಂದು 1975ರಲ್ಲಿ ಜರ್ಮನಿಯ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಲೆಬರಹದಲ್ಲೇ ಒಪ್ಪಿಕೊಂಡರು. ಸೋತದ್ದನ್ನು ಮುಚ್ಚಿಡದೆ ಹೀಗೆ ಬರೆಯುವುದು ಸಣ್ಣ ವಿಷಯವಲ್ಲ. ಗೆದ್ದದ್ದನ್ನು ಮಾತ್ರ ಬರೆಯುವ ಚಟ ಎಲ್ಲ ಕಾಲಕ್ಕೂ ಇದ್ದದ್ದೇ.

ಯಾಕೆ ಸೋತಿತು? ಉತ್ತರ ನಿಧಾನಕ್ಕೆ ಬಂತು. ಷೋಪ್ ವೈರಸ್ಸಿನ ಪೂರ್ತಿ ಡಿಎನ್‌ಎ ಓದಿ ಪ್ರಕಟಿಸಿದ್ದು 1985ರಲ್ಲಿ. ಒಟ್ಟು ಸುಮಾರು 7,900 ಅಕ್ಷರ. ಮನುಷ್ಯನ ಲಿವರಿನ ಆರ್ಜಿನೇಸ್ 322 ಅಮೈನೋ ಆಮ್ಲಗಳ ಸರಪಳಿ. ಒಂದೊಂದಕ್ಕೆ ಮೂರು ಅಕ್ಷರದಂತೆ ಅದನ್ನು ಬರೆಯಲೇ ಸಾವಿರದ ಹತ್ತಿರ ಅಕ್ಷರ ಬೇಕು. ಅಂದರೆ ವೈರಸ್ಸಿನ ಎಂಟನೇ ಒಂದು ಭಾಗ. ಅಷ್ಟು ದೊಡ್ಡದು ಎಲ್ಲೋ ಅಡಗಿಕೊಂಡಿರಲು ಸಾಧ್ಯವಿಲ್ಲ. ಇರಲೂ ಇಲ್ಲ. ನರಹುಲಿಯಲ್ಲಿ ರೋಜರ್ಸ್ ಕಂಡ ಆರ್ಜಿನೇಸ್ ನಿಜ. ಆದರೆ ಅದು ಮೊಲದ್ದೇ. ಚರ್ಮದ ಜೀವಕೋಶಗಳಿಗೆ ಈ ಎಂಜೈಮ್ ಮಾಡುವ ಶಕ್ತಿ ಮೊದಲಿನಿಂದಲೂ ಇದೆ. ಚರ್ಮ ವಿಪರೀತ ವೇಗದಲ್ಲಿ ದಪ್ಪಗಾಗುವಾಗ ಅದು ಏರುತ್ತದೆ. ಸೋರಿಯಾಸಿಸ್ ಆದ ಮನುಷ್ಯರ ಚರ್ಮದಲ್ಲೂ ಏರುತ್ತದೆ, ಅಲ್ಲಿ ಯಾವ ಮೊಲದ ವೈರಸ್ಸೂ ಇಲ್ಲ. ವೈರಸ್ ಚರ್ಮವನ್ನು ಬೆಳೆಯಲು ದೂಡಿತು, ಬೆಳೆಯುವ ಚರ್ಮ ತನ್ನದೇ ಎಂಜೈಮ್ ಜಾಸ್ತಿ ಮಾಡಿತು. ವೈರಸ್ಸಿನೊಳಗಿನ ಆರ್ಜಿನೇಸ್ ಜೀನ್ ಅಪ್ಪಟ ಮೊಲದ ಕೊಂಬು, ತರ್ಕಶಾಸ್ತ್ರದವರ ಅರ್ಥದಲ್ಲಿ.

ರೋಜರ್ಸ್ ಅವರನ್ನು ಆ ಕಾಲದಲ್ಲೇ ಹಲವರು ಟೀಕಿಸಿದರು. 1972ರಲ್ಲಿ ಥಿಯೋಡರ್ ಫ್ರೀಡ್‌ಮನ್ ಮತ್ತು ರಿಚರ್ಡ್ ರಾಬ್ಲಿನ್ ಜೀನ್ ಚಿಕಿತ್ಸೆಯ ಬಗ್ಗೆ ಬರೆದ ಲೇಖನ ಈ ಪ್ರಯೋಗವನ್ನೂ ಎತ್ತಿಕೊಂಡು, ಅವಸರ ಬೇಡ ಎಂದಿತು. ದಾರಿ ಸರಿಯಿದೆ, ಆದರೆ ಜೀನ್ ಹೇಗೆ ಕೆಲಸ ಮಾಡುತ್ತದೆ, ಹೇಗೆ ಹಿಡಿತದಲ್ಲಿರುತ್ತದೆ ಎಂದು ತಿಳಿಯದೆ ಮನುಷ್ಯರ ಮೇಲೆ ಕೈ ಹಾಕಬಾರದು ಎನ್ನುವುದು ಅವರ ವಾದ. ಬೇರೆ ದಾರಿಯೇ ಇಲ್ಲದ ಮಕ್ಕಳಿಗೆ ಇದ್ದ ಒಂದು ಅವಕಾಶ ಕೊಡದಿರುವುದೇ ತಪ್ಪು ಎನ್ನುವುದು ರೋಜರ್ಸ್ ಅವರ ನಿಲುವು. ನನಗೆ ಅವರು ಖಳನಾಯಕ ಎನಿಸುವುದಿಲ್ಲ. ಆದರೆ ನನ್ನ ಮತ ಫ್ರೀಡ್‌ಮನ್ ಕಡೆಗೇ. ಬೇರೆ ದಾರಿ ಇಲ್ಲ ಎನ್ನುವುದು ಅಪ್ಪ ಅಮ್ಮ ಹೇಳಬಹುದಾದ ಮಾತು. ವೈದ್ಯರು ಅದನ್ನು ಹೇಳುವ ಮೊದಲು, ತಾವು ತೋರಿಸುತ್ತಿರುವ ದಾರಿ ಎಲ್ಲಿಗಾದರೂ ಹೋಗುತ್ತದೆಯೇ ಎಂದು ನೋಡಿಕೊಂಡಿರಬೇಕು. ಆ ಎಂಜೈಮು ವೈರಸ್ಸಿನದೋ ಮೊಲದ್ದೋ ಎಂಬ ತಕರಾರು 1960ರ ದಶಕದಲ್ಲೇ ಎದ್ದಿತ್ತು. ಅದು ಬಗೆಹರಿಯುವವರೆಗೆ ಕಾಯಬಹುದಿತ್ತು.

ವಿಚಿತ್ರ ಎಂದರೆ ಜೀನ್ ಚಿಕಿತ್ಸೆ ಮತ್ತೆ ಮತ್ತೆ ಇದೇ ಯೂರಿಯಾ ಚಕ್ರದ ಬಾಗಿಲಿಗೆ ಬಂದು ನಿಂತಿದೆ. 1999ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಪ್ರಯೋಗವೊಂದಕ್ಕೆ ಸೇರಿದ. ಅವನಿಗೆ ಇದ್ದದ್ದು ಓಟಿಸಿ ಎಂಬ ಎಂಜೈಮಿನ ಕೊರತೆ, ಚಕ್ರದ ಎರಡನೆಯ ಹಂತ. ಪಥ್ಯ, ಮಾತ್ರೆಗಳಲ್ಲಿ ಬದುಕು ನಡೆಯುತ್ತಿತ್ತು. ನೆಗಡಿ ತರುವ ಅಡಿನೋವೈರಸ್ಸಿನಲ್ಲಿ ಜೀನ್ ತುಂಬಿ ಕೊಟ್ಟರು. ಈ ಸಲ ಜೀನ್ ನಿಜವಾಗಿಯೂ ವೈರಸ್ಸಿನಲ್ಲಿತ್ತು. ಆದರೆ ಅವನ ಮೈ ವೈರಸ್ಸಿನ ಮೇಲೆ ತಿರುಗಿಬಿದ್ದ ರಭಸಕ್ಕೆ ಅಂಗಗಳು ಒಂದೊಂದಾಗಿ ಸೋತವು. ನಾಲ್ಕು ದಿನಕ್ಕೆ ಹುಡುಗ ತೀರಿಕೊಂಡ. ಆಮೇಲೆ ವರ್ಷಗಟ್ಟಲೆ ಈ ಕ್ಷೇತ್ರವೇ ತಣ್ಣಗಾಯಿತು. ಕಲೋನಿನ ಮಕ್ಕಳಿಗೆ ಕೊಟ್ಟ ವೈರಸ್ ಏನೂ ಮಾಡದೆ ಹೋದದ್ದು ಒಂದು ಲೆಕ್ಕದಲ್ಲಿ ಅದೃಷ್ಟ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

2025ರಲ್ಲಿ ಅದೇ ಫಿಲಡೆಲ್ಫಿಯಾ. ಸಿಪಿಎಸ್1 ಎಂಬ ಎಂಜೈಮ್ ಇಲ್ಲದೆ ಹುಟ್ಟಿದ, ವರ್ಷ ತುಂಬದ ಗಂಡುಮಗು. ಚಕ್ರದ ಮೊದಲ ಹಂತ. ಆ ಮಗುವಿನ ಜೀನಿನಲ್ಲಿದ್ದ ತಪ್ಪಕ್ಷರವೊಂದನ್ನು ತಿದ್ದಲೆಂದೇ ಆರು ತಿಂಗಳಲ್ಲಿ ಔಷಧಿ ತಯಾರಿಸಿದರು. ಕಿರಣ್ ಮುಸುನೂರು ಮತ್ತು ರೆಬೆಕಾ ಆಹ್ರೆನ್ಸ್-ನಿಕ್ಲಾಸ್ ಅವರ ತಂಡ. ಸಾಗಣೆಗೆ ವೈರಸ್ಸೇ ಇಲ್ಲ, ಕೊಬ್ಬಿನ ಸಣ್ಣ ಕಣಗಳು. ಮಗು ಮೊದಲಿಗಿಂತ ಜಾಸ್ತಿ ಪ್ರೋಟೀನು ತಿನ್ನುವಂತಾಯಿತು, ಮಾತ್ರೆ ಕಡಿಮೆಯಾಯಿತು ಎಂದು ವರದಿಯಾಯಿತು. ತರಗತಿಯಲ್ಲಿ ಚಕ್ರದ ಚಿತ್ರ ಬರೆಯುವಾಗ ಈಗ ನಾನು ಮೂರು ಹಂತಗಳ ಪಕ್ಕ 1970, 1999, 2025 ಎಂದು ಬರೆಯುತ್ತೇನೆ. ಇದು ಪರೀಕ್ಷೆಗೆ ಬರುತ್ತಾ ಸಾರ್ ಎಂದು ಕೇಳುವವರು ಇದ್ದೇ ಇರುತ್ತಾರೆ. ಬರಲ್ಲ.

ಆ ಮೊಲದ ವೈರಸ್ಸಿನ ಕತೆ ಇನ್ನೊಂದು ದಾರಿಯಲ್ಲಿ ಬೆಳೆಯಿತು. ಅದರ ದೂರದ ಬಂಧುಗಳೇ ಮನುಷ್ಯರ ಪ್ಯಾಪಿಲೋಮಾ ವೈರಸ್ಸುಗಳು, ಅಂದರೆ ಎಚ್‌ಪಿವಿ. ಹರಾಲ್ಡ್ ಟ್ಸುರ್ ಹೌಸೆನ್ ಅವರ ತಂಡ ಗರ್ಭಕೊರಳಿನ ಕ್ಯಾನ್ಸರಿನಲ್ಲಿ 1983ರಲ್ಲಿ ಎಚ್‌ಪಿವಿ 16ನ್ನು, ಮರುವರ್ಷ 18ನ್ನು ಗುರುತಿಸಿತು. ಅವರಿಗೆ 2008ರಲ್ಲಿ ನೊಬೆಲ್ ಬಂತು. ಅವರೂ ಜರ್ಮನಿಯವರೇ. ಎಚ್‌ಪಿವಿ ಲಸಿಕೆ ಈಗ ಪುಣೆಯಲ್ಲೇ ತಯಾರಾಗಿ 2023ರಿಂದ ನಮ್ಮ ಮಾರುಕಟ್ಟೆಯಲ್ಲಿದೆ. ಗೆಳೆಯರ ಮನೆಯ ಹೆಣ್ಣುಮಕ್ಕಳಿಗೆ ಹಾಕಿಸಿ ಎಂದು ನಾನು ಸಿಕ್ಕಾಗಲೆಲ್ಲ ಪೀಡಿಸುವುದುಂಟು.

ಆರ್ಜಿನೇಸ್ ಕೊರತೆಗೆ ಬಂದರೆ, ಕಡಿಮೆ ಪ್ರೋಟೀನಿನ ಪಥ್ಯ, ಸಾರಜನಕವನ್ನು ಬೇರೆ ದಾರಿಯಲ್ಲಿ ಹೊರಹಾಕುವ ಔಷಧಿಗಳು ಬಹಳ ವರ್ಷ ಆಸರೆಯಾಗಿದ್ದವು. 2023ರ ಡಿಸೆಂಬರಿನಲ್ಲಿ ಯುರೋಪ್ ಪೆಗ್‌ಝಿಲಾರ್ಜಿನೇಸ್ ಎಂಬ ಹೊಸ ಔಷಧಿಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಜೀನೂ ಇಲ್ಲ, ವೈರಸ್ಸೂ ಇಲ್ಲ. ಲ್ಯಾಬಿನಲ್ಲಿ ಮಾಡಿದ ಮನುಷ್ಯನ ಆರ್ಜಿನೇಸನ್ನೇ ನೇರವಾಗಿ ಕೊಡುವುದು. ಎಂಜೈಮಿನ ನಡುವೆ ಕೂರುವ ಮ್ಯಾಂಗನೀಸ್ ಜಾಗಕ್ಕೆ ಕೋಬಾಲ್ಟ್ ಕೂರಿಸಿದ್ದಾರೆ, ರಕ್ತದಲ್ಲಿ ಅದು ಇನ್ನೂ ಚುರುಕಾಗಿ ಕೆಲಸ ಮಾಡಲಿ ಎಂದು. ಬೇಗ ಕರಗಿಹೋಗದಂತೆ ಪೆಗ್ ಎಂಬ ಪಾಲಿಮರಿನ ಹೊದಿಕೆ. ರಕ್ತದ ಆರ್ಜಿನೀನ್ ಇದರಿಂದ ಚೆನ್ನಾಗಿ ಇಳಿಯುತ್ತದೆ. ವಾರಕ್ಕೊಂದು ಸಲ ಚುಚ್ಚಿಸಿಕೊಳ್ಳಬೇಕು.